ಶಬ್ಬಾತ್ ಊಟಕ್ಕೆ ಬಾರದ ಮಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನ್ಯೂಜೆರ್ಸಿಯಲ್ಲಿ ಮನೆಯ ಜಗಳ ಬಗೆಹರಿಸಿಕೊಳ್ಳಲು ನನ್ನ ಬಳಿ ಬಂದವರು ಅರವತ್ತು ದಾಟಿದ ಯಹೂದಿ ದಂಪತಿ, ಕನ್ಸರ್ವೇಟಿವ್ ಪಂಥದವರು. ಮಗ ಕಾಲೇಜಿಗೆ ಹೋದಮೇಲೆ ಅದಕ್ಕಿಂತ ಕಟ್ಟುನಿಟ್ಟಾದ ಆರ್ಥೊಡಾಕ್ಸ್ ಆಚರಣೆಗೆ ಹೊರಳಿದ್ದ. ಈ ಮನೆಯಲ್ಲೂ ಕೋಷರ್, ಅಂದರೆ ಯಹೂದಿ ಆಹಾರ ನಿಯಮ, ಇತ್ತು: ಹಂದಿಮಾಂಸ ತರುವುದಿಲ್ಲ, ಮಾಂಸಕ್ಕೂ ಹಾಲಿಗೂ ಪಾತ್ರೆ ಬೇರೆ. ತಕರಾರು ಹುಟ್ಟಿದ್ದು ಚೀಸ್‌ನಿಂದ. ಕೋಷರ್ ಮುದ್ರೆ (ನಿಯಮದಂತೆ ತಯಾರಾಗಿದೆ ಎಂಬ ಗುರುತು) ಇಲ್ಲದ ಚೀಸನ್ನು ಕನ್ಸರ್ವೇಟಿವ್ ಪಂಥದ ಹಲವರು ತಿನ್ನುತ್ತಾರೆ, ಆರ್ಥೊಡಾಕ್ಸ್ ಮಂದಿ ಮುಟ್ಟುವುದಿಲ್ಲ.

ತಾಯಿ ಆ ಚೀಸನ್ನೇ ಹಾಕಿ ಬಡಿಸಿದರು, ಹೇಳಲಿಲ್ಲ. ಗೊತ್ತಾದಾಗ ಮಗ ನೆಂಟರ ಮುಂದೆಯೇ “ಇದು ಯಹೂದಿಗಳ ಅಡುಗೆಮನೆಯೇ?” ಎಂದು ಎದ್ದುಹೋದ. ಆಮೇಲೆ ಶಬ್ಬಾತ್, ಅಂದರೆ ವಾರದ ವಿಶ್ರಾಂತಿ ದಿನ, ಶುರುವಾಗುವ ಶುಕ್ರವಾರ ರಾತ್ರಿಯ ಊಟಕ್ಕೆ ಬರಲೇ ಇಲ್ಲ. ಮಡಿ ಅಜ್ಜಿಯರ ಜೊತೆ ಬೆಳೆದ ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೂವರೂ ಒಟ್ಟಿಗೆ ಕೂತ ದಿನ ತಂದೆ ತಾಲ್ಮುದ್ (ಯಹೂದಿ ಗುರುಗಳ ವಾದಗಳ ಪ್ರಾಚೀನ ಗ್ರಂಥ) ಎತ್ತಿದರು. ಎರಡು ಸಾವಿರ ವರ್ಷಗಳ ಹಿಂದಿನ ಹಿಲ್ಲೆಲ್, ಶಮ್ಮಾಯ್ ಎಂಬ ಗುರುಗಳ ಪಂಗಡಗಳ ವಾದದಲ್ಲಿ ‘ಎರಡೂ ಜೀವಂತ ದೇವರ ಮಾತುಗಳೇ’ ಎಂದು ಆಕಾಶವಾಣಿಯಾಯಿತಂತೆ. ಆದರೂ ಆಚರಣೆಗೆ ಬಂದದ್ದು ಹಿಲ್ಲೆಲ್ ಕಡೆಯವರ ಮಾತು, ಅವರು ಸೌಮ್ಯರಾಗಿದ್ದರು ಎಂಬ ಕಾರಣಕ್ಕೆ. “ಕೇಳಿಸಿಕೊಂಡೆಯಾ, ಸೌಮ್ಯರು!” ಎಂದು ಮಗನನ್ನು ತಿವಿದರು. ಸೌಮ್ಯತೆಯ ಪಾಠವನ್ನು ಗದರಿಸಿ ಹೇಳುವ ತಂದೆಯರು ಎಲ್ಲ ಧರ್ಮಗಳಲ್ಲೂ ಸಿಗುತ್ತಾರೆ. ಅದೇ ಪುಟದಲ್ಲಿ, ಹಿಲ್ಲೆಲ್ ಕಡೆಯವರು ಎದುರಾಳಿಯ ಮಾತನ್ನು ತಮ್ಮದಕ್ಕಿಂತ ಮೊದಲು ಹೇಳುತ್ತಿದ್ದರು ಎಂದೂ ಇದೆ. “ಹಾಗಾದರೆ ಮಗನ ವಾದವನ್ನು, ಅವನು ಹೌದೆನ್ನುವಂತೆ, ಮೊದಲು ನೀವು ಹೇಳಿ” ಎಂದೆ. ಅವರು ತಡವರಿಸಿದರು. ಮೂರನೆಯ ಸಲಕ್ಕೆ ಮಗ ಹೌದೆಂದು ತಲೆಯಾಡಿಸಿದ.

ಯಾವ ಚೀಸ್ ಸರಿ ಎನ್ನುವುದು ನನ್ನ ಕೆಲಸವಲ್ಲ, ಅದನ್ನು ಅವರವರ ಧರ್ಮಗುರುವಿಗೆ, ಅಂದರೆ ರಬ್ಬಿಗೆ, ಬಿಟ್ಟೆ. ಆದರೆ ಹೇಳದೆ ತಿನ್ನಿಸಿದ್ದೇ ದೊಡ್ಡ ತಪ್ಪು ಎಂದು ತಾಯಿಗೆ ನೇರವಾಗಿ ಹೇಳಿದೆ. ಆ ಹಿಲ್ಲೆಲ್, ಶಮ್ಮಾಯ್ ಪಂಗಡಗಳಿಗೆ ಮದುವೆ, ಶುದ್ಧಾಶುದ್ಧಗಳಲ್ಲಿ ಒಮ್ಮತವಿರಲಿಲ್ಲ. ಆದರೂ ಹೆಣ್ಣು ಕೊಟ್ಟು ತರುವುದನ್ನಾಗಲಿ, ಪಾತ್ರೆಪಗಡಗಳ ಕೊಡುಕೊಳ್ಳುವಿಕೆಯನ್ನಾಗಲಿ ನಿಲ್ಲಿಸಲಿಲ್ಲ ಎನ್ನುತ್ತದೆ ತಾಲ್ಮುದ್‌ನ ಮೂಲಭಾಗವಾದ ಮಿಶ್ನಾ. ಅದು ಹೇಗೆ ಸಾಧ್ಯವಾಯಿತು? ‘ನಿಮ್ಮ ಲೆಕ್ಕದಲ್ಲಿ ಇದು ಆಗದು’ ಎಂದು ಮೊದಲೇ ತಿಳಿಸುತ್ತಿದ್ದರು ಎಂಬುದು ತಾಲ್ಮುದ್ ಕೊಡುವ ಉತ್ತರ. ಒಪ್ಪದವರ ನೇಮವನ್ನು ಅವರಿಗಾಗಿ ಕಾಯುವುದು ಎಂದರೆ ಇದೇ. “ಫ್ರಿಜ್‌ನಲ್ಲಿ ಏನಿದೆ ಎಂದು ಅವನಿಗೆ ಹೇಳಿಬಿಡಿ. ತಿನ್ನುವುದು ಬಿಡುವುದು ಅವನಿಗಿರಲಿ” ಎಂದೆ.

ಮಗನಿಗೆ ಹೇಳಿದ್ದು ಬೇರೆ. ಜನರೆದುರು ಒಬ್ಬರ ಮುಖ ಬಿಳಿಚುವಂತೆ ಮಾಡುವುದು ರಕ್ತ ಸುರಿಸಿದ ಹಾಗೆ ಎಂಬ ತಾಲ್ಮುದ್ ಮಾತು ಅವನಿಗೆ ಬಾಯಿಪಾಠ. ತಂದೆ ತೋರಾ (ಯಹೂದಿಗಳ ಮೂಲ ಧರ್ಮಗ್ರಂಥ) ಮೀರುವುದನ್ನು ಕಂಡರೂ ‘ಅಪ್ಪಾ, ನೀನು ಮೀರಿದೆ’ ಎನ್ನಬಾರದು, ‘ಅಪ್ಪಾ, ತೋರಾದಲ್ಲಿ ಹೀಗೆ ಬರೆದಿದೆ’ ಎನ್ನಬೇಕು ಎಂಬುದೂ ಗೊತ್ತು. “ನೆಂಟರು ಹೋದಮೇಲೆ ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರ ಏನು ಹೇಳಬಹುದಿತ್ತು?” ಎಂದು ಕೇಳಿ, ಅವನ ಬಾಯಿಂದಲೇ ಹೇಳಿಸಿದೆ. ತಾಯಿಯ ಕ್ಷಮೆ ಕೇಳುವುದನ್ನು ಮಾತ್ರ ಮನೆಗೆ ಬಿಟ್ಟೆ. ನನ್ನೆದುರು ಕೇಳಿದ್ದರೆ ಅದು ನನಗೋಸ್ಕರ ಕೇಳಿದ ಹಾಗಾಗುತ್ತಿತ್ತು.

ಈಗ ಶುಕ್ರವಾರ ಅವನಿಗೆ ಮುದ್ರೆಯಿರುವ ಸಿದ್ಧ ಊಟ ತರಿಸುತ್ತಾರೆ, ಮೊಹರು ಒಡೆಯದೆ ಬಿಸಿ ಮಾಡುತ್ತಾರೆ. ತಟ್ಟೆ ಅವನದೇ. ಚೀಸ್ ವಾದ ಮುಗಿದಿಲ್ಲ. ಮುಂದಿನ ಭೇಟಿಗೆ ತಂಗಿಯ ಮದುವೆಯ ವಿಷಯವಿದೆ: ಮದುವೆ ನಡೆಸುವ ರಬ್ಬಿ, ಆರ್ಥೊಡಾಕ್ಸ್ ಮಂದಿ ಸಾಮಾನ್ಯವಾಗಿ ಒಪ್ಪದ ಹಾಗೆ, ಒಬ್ಬ ಮಹಿಳೆ.