ಅಜ್ಜನೂ ಒಮ್ಮೆ ನಿಲ್ಲಿಸಿದ್ದರು

ಸುಧೀರ ಎಂದು ಕರೆಯೋಣ. ಹೆಸರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 36, ಊರು ಮಂಗಳೂರು. ಆಫ್ರಿಕಾದಿಂದ ಸಿಪ್ಪೆಸಹಿತ ಗೇರುಬೀಜ ತರಿಸಿ ಇಲ್ಲಿನ ಕಾರ್ಖಾನೆಗಳಿಗೆ ಮಾರುವ ಮನೆ ವ್ಯಾಪಾರ. ಇವರು ಮೂರನೇ ತಲೆಮಾರು. ನಿದ್ದೆ ಬರುವುದಿಲ್ಲ ಎಂದು ನನ್ನ ಬಳಿ ಆಪ್ತಸಲಹೆಗೆ ಬಂದಿದ್ದರು.

ಹಿಂದಿನ ಸೀಸನ್‌ನಲ್ಲಿ ಪಶ್ಚಿಮ ಆಫ್ರಿಕಾದ ಮಾಲು ಕೈಕೊಟ್ಟಿತ್ತು. 80 ಕಿಲೋ ಮೂಟೆಗೆ 48 ಪೌಂಡ್ ತಿರುಳು ಎಂದು ಮಾತಾಗಿತ್ತು. ಇಲ್ಲಿ ಕತ್ತರಿಸಿ ನೋಡಿದರೆ 42. ದಾರಿಯಲ್ಲಿ ತೇವ ಹಿಡಿದಿತ್ತು. ಲಾಭ ಬಿಡಿ, ಕೈಯಿಂದಲೇ ಹೋಯಿತು.

"ಅಜ್ಜ ಕಟ್ಟಿದ್ದು, ಅಪ್ಪ ಬೆಳೆಸಿದ್ದು. ಮುಚ್ಚಿದವನು ನಾನು ಅಂತ ಆಗ್ತದೆ ಮೇಡಂ."

ಮನೆಯ ಕಥೆ ಮೊದಲಿನಿಂದ ಹೇಳಿ ಎಂದೆ. ಹಳೇ ಬಂದರು, ದೂರದಲ್ಲಿ ನಿಲ್ಲುವ ಹಡಗು, ಮಂಜಿ ಎಂಬ ದೋಣಿಯಲ್ಲಿ ದಡದ ದಕ್ಕೆಗೆ ಬರುವ ಮೂಟೆ, ಎಲ್ಲ ಬಂತು. ಆಮೇಲೆ ಒಮ್ಮೆಲೇ ಅಪ್ಪನ ಕಾಲ, ಪಣಂಬೂರಿನ ಹೊಸ ಬಂದರು. ನಡುವಿನ ವರ್ಷಗಳೇ ಇಲ್ಲ! ನಾನೂ ಈ ಊರಿನವಳೇ. 1970ರಲ್ಲಿ ಗೇರುಬೀಜದ ಆಮದು ಖಾಸಗಿ ವ್ಯಾಪಾರಿಗಳ ಕೈತಪ್ಪಿ ಸರ್ಕಾರದ ಕ್ಯಾಶ್ಯೂ ಕಾರ್ಪೊರೇಷನ್ ಕೈಗೆ ಹೋಗಿತ್ತು ಅಂತ ಗೊತ್ತು. ಆಗ ಅಜ್ಜ ಏನು ಮಾಡಿದರು ಎಂದು ಕೇಳಿದೆ. ಸುಧೀರರಿಗೆ ಗೊತ್ತಿರಲಿಲ್ಲ.

ಮುಂದಿನ ಸಲ ಅಪ್ಪನನ್ನೂ ಕರೆಸಿದೆ. ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಹೇಳಿದರು: "ನನಗಾಗ 17. ಅಪ್ಪ ಆಮದು ನಿಲ್ಲಿಸಿ ಗೋದಾಮು ಬಾಡಿಗೆಗೆ ಕೊಟ್ಟರು. ಅಡಿಕೆ ದಲ್ಲಾಳಿ ಮಾಡಿದರು. ಅಮ್ಮನ ಬಳೆ ಅಡವಿಗೆ ಹೋಯಿತು. ಇದನ್ನೆಲ್ಲ ಮಕ್ಕಳಿಗೆ ಯಾಕೆ ಹೇಳುವುದು?"

ಸುಧೀರ ಅಪ್ಪನ ಮುಖವನ್ನೇ ನೋಡುತ್ತಿದ್ದರು.

ವ್ಯಾಪಾರ ಹೇಗೆ ಮಾಡಬೇಕು ಅಂತ ಹೇಳುವವಳು ನಾನಲ್ಲ. ಆದರೂ ಕೆಲವು ಮಾತು ಖಡಕ್ಕಾಗಿಯೇ ಹೇಳಿದೆ. ಈ ಸೀಸನ್ ಹೊಸ ಎಲ್‌ಸಿ, ಅಂದರೆ ಹೊರಗಿನ ಮಾಲಿಗೆ ಬ್ಯಾಂಕ್ ಕೊಡುವ ಪಾವತಿ ಖಾತರಿ, ಬೇಡ. ಹೋದ ದುಡ್ಡನ್ನು ಒಂದೇ ಸಲ ವಾಪಸ್ ಗಳಿಸುತ್ತೇನೆ ಎಂಬ ಹಠದಲ್ಲಿ ಮನೆಪತ್ರ ಬ್ಯಾಂಕಿಗೆ ಹೋಗುವುದು ನಾನು ಜಾಸ್ತಿ ಕಂಡಿದ್ದೇನೆ. ನೆಂಟರಲ್ಲದ ಆಡಿಟರ್ ಒಬ್ಬರಿಂದ ಸಾಲ ಎಷ್ಟು, ಬರಬೇಕಾದ್ದು ಎಷ್ಟು ಎಂದು ಒಂದೇ ಹಾಳೆಯಲ್ಲಿ ಬರೆಸಿ. ಹೆಂಡತಿಗೂ ಅದನ್ನು ತೋರಿಸಿ, ಅವರಿಗೆ ಈವರೆಗೆ ಏನೂ ಹೇಳಿಲ್ಲ ಅಲ್ವಾ? ಮುಚ್ಚುವುದೋ ಮುಂದುವರಿಸುವುದೋ ಎಂಬ ತೀರ್ಮಾನ ಆರು ತಿಂಗಳ ನಂತರ, ಅಪ್ಪ ಮಗ ಇಬ್ಬರೂ ಕೂತು. ನಿದ್ದೆಗೆ ಮಾತ್ರ ಈ ವಾರವೇ ಡಾಕ್ಟರನ್ನು ನೋಡಿ.

ಮೂರನೇ ಭೇಟಿಗೆ ಸುಧೀರ ಒಂದು ಹಳೇ ಲೆಕ್ಕದ ಪುಸ್ತಕ ತಂದಿದ್ದರು. ಅಜ್ಜನ ಕೈಬರಹ. ಪುಟ ಪುಟವೂ ಅಡಿಕೆ ಲೆಕ್ಕ, ಗೇರುಬೀಜದ ಹೆಸರೇ ಇಲ್ಲ. ಈಗ ಐದು ಗಂಟೆ ನಿದ್ದೆ ಬರುತ್ತದಂತೆ. ಮಾಲು ತರಿಸಿಲ್ಲ. ಅಪ್ಪ ಮಾತ್ರ ಬೆಳಗ್ಗೆ ಎದ್ದು ಬಂದರಿಗೆ ಯಾವ ಹಡಗು ಬಂತು ಅಂತ ಇನ್ನೂ ನೋಡುತ್ತಾರಂತೆ.