ಸಂಪಾದಕರ ಉತ್ತರ: ಜನಸಂಖ್ಯೆಯೂ ಬತ್ತಿದ ಬಾವಿಯೂ

(ಉಡುಪಿ ಜಿಲ್ಲೆಯ ಕಾರ್ಕಳ ಕಡೆಯ ಓದುಗರೊಬ್ಬರ ಪತ್ರದ ಸಾರ: ಅಜ್ಜನ ಕಾಲದಲ್ಲಿ ಮೇ ಕೊನೆಯವರೆಗೂ ನೀರಿರುತ್ತಿದ್ದ ಮನೆಬಾವಿ ಈಗ ಮಾರ್ಚ್‌ನಲ್ಲೇ ತಳ ಕಾಣುತ್ತಿದೆ. ಇದಕ್ಕೆಲ್ಲ ಮೂಲ ಜನಸಂಖ್ಯೆ. ಎರಡೇ ಮಕ್ಕಳೆಂಬ ಕಾನೂನು ಬಾರದೆ ಪರಿಸರ ಉಳಿಯದು.)

ಮಾನ್ಯರೇ,

ಬಾವಿ ಬತ್ತಿದ ಮನೆಯವರ ಸಂಕಟ ನಮಗೆ ಅರ್ಥವಾಗುತ್ತದೆ. 2022ರ ನವೆಂಬರ್‌ನಲ್ಲಿ ಜಗತ್ತಿನ ಜನಸಂಖ್ಯೆ 800 ಕೋಟಿ ಮುಟ್ಟಿತೆಂದು ವಿಶ್ವಸಂಸ್ಥೆ ಅಂದಾಜಿಸಿದಾಗ ಹುಟ್ಟಿದ ಆತಂಕವೂ ಸುಳ್ಳಲ್ಲ. ಇಷ್ಟು ಮಂದಿಯ ಅನ್ನ, ನೀರು, ಸೂರಿನ ಹೊರೆ ಭೂಮಿಯ ಮೇಲೆಯೇ ಬೀಳುತ್ತದೆ. ಆದರೆ ಆ ಲೆಕ್ಕ ನಿಮ್ಮ ಬಾವಿಗೆ ಹೊಂದುವುದಿಲ್ಲ.

2001ರಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ ಸುಮಾರು 11.12 ಲಕ್ಷವಿತ್ತು, 2011ರ ಜನಗಣತಿಯಲ್ಲಿ ಅದು 11.77 ಲಕ್ಷ. ರಾಜ್ಯ ಶೇ. 15.6ರಷ್ಟು ಬೆಳೆದ ಆ ದಶಕದಲ್ಲಿ ನಮ್ಮ ಜಿಲ್ಲೆ ಶೇ. 6ನ್ನೂ ಮುಟ್ಟಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ತುಂಬಲು ಬೇಕಾದ 2.1ಕ್ಕಿಂತ ಇದು ಕಡಿಮೆ. ನೀವು ಕೇಳುವ ಕಾನೂನಿನ ಕೆಲಸವನ್ನು ಹೆಣ್ಣುಮಕ್ಕಳ ಓದು, ತಡವಾದ ಮದುವೆ, ಕೈಗೆಟಕುವ ಆರೋಗ್ಯ ಸೇವೆಗಳು ಯಾರನ್ನೂ ದಂಡಿಸದೆ ಇಲ್ಲಿ ಆಗಲೇ ಮುಗಿಸಿವೆ. ಬಿಹಾರದಲ್ಲಿ ಈ ಪ್ರಮಾಣ ಇನ್ನೂ 3ರ ಆಸುಪಾಸಿನಲ್ಲಿದೆ ನಿಜ. ಅಲ್ಲಿಯೂ ಇದೇ ದಾರಿ ಹಿಡಿಯಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಹಾಗಾದರೆ ಬದಲಾದದ್ದೇನು? ಕೂಡುಕುಟುಂಬದ ಒಂದು ಮನೆಯಿದ್ದಲ್ಲಿ ನಾಲ್ಕು ಮನೆಗಳಾಗಿವೆ, ನಾಲ್ಕಕ್ಕೂ ಪಂಪು, ಟಾಂಕಿ, ಹಲವೆಡೆ ಕೊಳವೆಬಾವಿ ಬಂದಿವೆ. ಹಿಂದೆ ಏಣೆಲು, ಅಂದರೆ ಮಳೆಗಾಲದ ಭತ್ತ, ಕೊಯ್ದ ಮೇಲೆ ಎರಡನೆಯ ಬೆಳೆಯಾದ ಸುಗ್ಗಿಗಾಗಿ ಊರವರೆಲ್ಲ ಸೇರಿ ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕುತ್ತಿದ್ದರು. ಆ ನೀರು ಗದ್ದೆಯನ್ನಷ್ಟೇ ಅಲ್ಲ, ಅಕ್ಕಪಕ್ಕದ ಬಾವಿಗಳನ್ನೂ ತುಂಬಿಸುತ್ತಿತ್ತು. ಇಂದು ಬೈಲುಗದ್ದೆಗೆ ಕೆಂಪುಮಣ್ಣು ಸುರಿದು ಕಟ್ಟಡ ಎಬ್ಬಿಸುತ್ತೇವೆ, ನೀರು ಹೀರಿಕೊಳ್ಳುತ್ತಿದ್ದ ಗುಡ್ಡವನ್ನು ಮುರಕಲ್ಲಿಗಾಗಿ (ಮನೆ ಕಟ್ಟುವ ಕೆಂಪುಕಲ್ಲಿಗಾಗಿ) ಕಡಿಯುತ್ತೇವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ನೀರು ನಿಲ್ಲಲು ಜಾಗವಿಲ್ಲದೆ ನೇರ ಕಡಲಿಗೆ ಹರಿದುಹೋಗುತ್ತಿದೆ. 2019ರ ಬೇಸಿಗೆಯಲ್ಲಿ ತುಂಬೆ, ಬಜೆ ಅಣೆಕಟ್ಟುಗಳಲ್ಲಿ ನೀರು ತಳ ಹಿಡಿದು ಮಂಗಳೂರು, ಉಡುಪಿ ನಗರಗಳು ಪರದಾಡಿದ್ದು ನಿಮಗೆ ನೆನಪಿರಬಹುದು. ಅದೇ ವರ್ಷದ ಆಗಸ್ಟ್ ಮಳೆಗೆ ಮಂಗಳೂರು ನಗರದ ಕಸ ಸುರಿಯುವ ಪಚ್ಚನಾಡಿಯ ರಾಶಿ ಜರಿದು ಪಕ್ಕದ ಮಂದಾರ ಪ್ರದೇಶದ ಮನೆ, ಅಡಿಕೆ ತೋಟಗಳ ಮೇಲೆ ಬಿತ್ತು. ಆ ರಾಶಿ ಬೆಳೆದದ್ದು ತಲೆಗಳ ಎಣಿಕೆಯಿಂದ ಮಾತ್ರವಲ್ಲ, ನಾವು ಕೊಂಡು ಎಸೆಯುವ ರೀತಿಯಿಂದ. ವಿಂಗಡಿಸದ ಹಸಿಕಸ, ಒಣಕಸಗಳನ್ನು ಒಂದೇ ಕಡೆ ಸುರಿದದ್ದರಿಂದ.

ಜಗತ್ತಿನ ಮಟ್ಟದಲ್ಲಿಯೂ ಹೀಗೆಯೇ. ತಲಾ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ಭಾರತದಲ್ಲಿ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದಲ್ಲಿ ಸುಮಾರು 14 ಟನ್. ಎಷ್ಟು ಜನ ಎಂಬುದರ ಜೊತೆಗೆ ಒಬ್ಬೊಬ್ಬರ ಬಳಕೆ ಎಷ್ಟು ಎಂದೂ ಕೇಳದಿದ್ದರೆ ದೋಷವೆಲ್ಲ ಹೆಚ್ಚು ಮಕ್ಕಳಿರುವ ಬಡವರ ಮೇಲೆ ಬೀಳುತ್ತದೆ. ಅದು ಅನ್ಯಾಯ.

ಮನೆಯ ಮೇಲಿನ ಗುಡ್ಡದ ಮದಕ (ಮಳೆನೀರು ನಿಲ್ಲುವ ಕೆರೆ) ಹೂಳು ತುಂಬಿ ಈಗ ಮಕ್ಕಳು ಕ್ರಿಕೆಟ್ ಆಡುವ ಬಯಲಾಗಿದೆ ಎಂದು ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ನಿಮ್ಮ ಬಾವಿಯ ಪ್ರಶ್ನೆಗೆ ಉತ್ತರ ಬಹುಶಃ ಆ ಸಾಲಿನಲ್ಲಿಯೇ ಇದೆ. ಆ ಜಾಗ ಪಹಣಿಯಲ್ಲಿ ಯಾರ ಹೆಸರಿನಲ್ಲಿದೆ, ಹೂಳು ಕೊನೆಯದಾಗಿ ತೆಗೆದದ್ದು ಯಾವಾಗ, ಕೆಳಗಿನ ಎಷ್ಟು ಬಾವಿಗಳು ಅದನ್ನು ನೆಚ್ಚಿಕೊಂಡಿದ್ದವು ಎಂಬುದನ್ನು ಊರ ಹಿರಿಯರಲ್ಲಿಯೂ ಪಂಚಾಯತ್‌ನಲ್ಲಿಯೂ ವಿಚಾರಿಸಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಕಾದಿರಿಸುತ್ತೇವೆ.

– ಸಂಪಾದಕ