ಯೀಲ್ಡ್ ದಾಟಿದರೆ ಪ್ಲೇಟ್ ಹಾಳಾಗುತ್ತಾ?

ಪ್ರಶ್ನೆ: 50 ಮಿ.ಮೀ. ವ್ಯಾಸ, 20 ಮಿ.ಮೀ. ಅಗಲದ ಸ್ಟೀಲ್ ರೋಲರ್ ಒಂದು ಸ್ಟೀಲ್ ಪ್ಲೇಟ್ ಮೇಲೆ ದಿನವಿಡೀ ಹಿಂದೆ ಮುಂದೆ ಉರುಳುತ್ತದೆ. ಲೋಡ್ 10 ಕಿಲೋನ್ಯೂಟನ್. ಹರ್ಟ್ಸ್ ಸೂತ್ರದ ಪ್ರಕಾರ ಕಾಂಟ್ಯಾಕ್ಟ್ ಸ್ಟ್ರೆಸ್ (ಎರಡೂ ಲೋಹ ತಾಗುವ ಜಾಗದಲ್ಲಿನ ಗರಿಷ್ಠ ಒತ್ತಡ) ಸುಮಾರು 857 ಎಂಪಿಎ (ಮೆಗಾಪಾಸ್ಕಲ್). ಪ್ಲೇಟಿನ ಯೀಲ್ಡ್, ಅಂದರೆ ಲೋಹ ಮತ್ತೆ ಮೊದಲಿನ ಆಕಾರಕ್ಕೆ ಬಾರದಂತೆ ಬದಲಾಗಲು ಶುರುವಾಗುವ ಸ್ಟ್ರೆಸ್, 350 ಮಾತ್ರ. ಬೇರಿಂಗ್‌ಗಳಲ್ಲಿ 4000 ಕೂಡ ನಡೆಯುತ್ತದಂತೆ. ನನ್ನ ಡಿಸೈನ್ ಸರಿ ಇದೆಯಾ?

ಉತ್ತರ: ಇಲ್ಲ. ಆದರೆ 857 ಅನ್ನು ನೇರವಾಗಿ 350ರ ಜೊತೆ ಹೋಲಿಸಿ ಹೀಗೆ ಹೇಳುತ್ತಿಲ್ಲ. ಒತ್ತಡ ಬೀಳುವ ಜಾಗ ತುಂಬಾ ಸಣ್ಣದು, ನಿಮ್ಮಲ್ಲಿ ಅದರ ಅಗಲ ಬರೀ 0.74 ಮಿ.ಮೀ., ಸುತ್ತಲಿನ ಲೋಹ ಅದನ್ನು ಎಲ್ಲಾ ಕಡೆಯಿಂದ ಬಿಗಿಯಾಗಿ ಹಿಡಿದಿರುತ್ತದೆ, ಹಾಗಾಗಿ ಲೋಹಕ್ಕೆ ಸುಲಭವಾಗಿ ಜಾರಲು ಆಗುವುದಿಲ್ಲ. ರೋಲರ್ ಸುಮ್ನೆ ಕೂತಿದ್ದರೆ ಯೀಲ್ಡ್ ಶುರುವಾಗುವುದು ಕಾಂಟ್ಯಾಕ್ಟ್ ಸ್ಟ್ರೆಸ್ ಆ 350ರ ಸುಮಾರು 1.7 ಪಟ್ಟಾದಾಗ, ಅಂದರೆ 600ರ ಹತ್ತಿರ. ಅದೂ ಮೇಲ್ಮೈಯಲ್ಲಲ್ಲ, ಸುಮಾರು 0.3 ಮಿ.ಮೀ. ಒಳಗೆ. ಮತ್ತೆ ಮತ್ತೆ ಉರುಳಿದಾಗ ಲೋಹ ಸ್ವಲ್ಪ ಹೊಂದಿಕೊಳ್ಳುತ್ತದೆ, ಆದರೂ ಎರಡು, ಎರಡೂಕಾಲು ಪಟ್ಟು ದಾಟಿದರೆ ಪ್ರತಿ ಸುತ್ತಿಗೂ ಚೂರು ಚೂರೇ ತಗ್ಗುತ್ತಾ ಹೋಗುತ್ತದೆ. ನಿಮ್ಮದು 2.45 ಪಟ್ಟು. ಪ್ಲೇಟಿನಲ್ಲಿ ಗಾಡಿ ಜಾಡಿನ ಹಾಗೆ ಹಳ್ಳ ಬೀಳುವುದು ಖಂಡಿತ.

ಬೇರಿಂಗಿನ 4000 ಇಲ್ಲಿಗೆ ತರಬೇಡಿ. ಅದು ಪೂರ್ತಿ ಹಾರ್ಡನ್ ಮಾಡಿದ (ಕಾಯಿಸಿ ತಣಿಸಿ ಗಟ್ಟಿ ಮಾಡಿದ) ಸ್ಟೀಲಿಗೆ, ನಿಂತ ಲೋಡಿಗೆ, ರೋಲರ್ ವ್ಯಾಸದ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ತಗ್ಗು ಬಿದ್ದರೂ ಪರವಾಗಿಲ್ಲ ಎಂದು ಒಪ್ಪಿಕೊಂಡು ಇಟ್ಟ ಮಿತಿ. ವರ್ಷಗಟ್ಟಲೆ ಉರುಳಬೇಕಾದರೆ ಇದಕ್ಕಿಂತ ತುಂಬಾ ಕೆಳಗೇ ಇರಬೇಕು.

ಲೋಡ್ ಇಳಿಸಿದರೆ ಸಾಕಲ್ವಾ ಅನ್ನಿಸಬಹುದು. ಇಲ್ಲೇ ಜಾಸ್ತಿ ಜನ ಎಡವುವುದು. ರೋಲರಿನಲ್ಲಿ ಸ್ಟ್ರೆಸ್ ಏರುವುದು ಲೋಡಿನ ವರ್ಗಮೂಲದಂತೆ, ಲೋಡ್ ಅರ್ಧ ಮಾಡಿದರೂ 606 ಉಳಿಯುತ್ತದೆ, ಸ್ಟ್ರೆಸ್ ಅರ್ಧ ಆಗಬೇಕಾದರೆ ಲೋಡ್ ಕಾಲು ಭಾಗಕ್ಕೆ ಇಳಿಯಬೇಕು. ಆದ್ದರಿಂದ ಸೇಫ್ಟಿ ಫ್ಯಾಕ್ಟರ್ (ಮಿತಿಗಿಂತ ಎಷ್ಟು ಪಟ್ಟು ಕೆಳಗಿದ್ದೀವಿ ಎಂಬ ಲೆಕ್ಕ) ಅನ್ನು ಸ್ಟ್ರೆಸ್ ಮೇಲಲ್ಲ, ಲೋಡಿನ ಮೇಲೆ ಹಾಕಿ ನೋಡಿ, ಎಷ್ಟು ಅಂತರ ಇದೆ ಎಂದು ಆಗ ನಿಜವಾಗಿ ಗೊತ್ತಾಗುತ್ತದೆ.

ನಾನಾದರೆ ಪ್ಲೇಟನ್ನು ಹಾರ್ಡನ್ ಮಾಡಿಸುತ್ತೇನೆ. ಗಟ್ಟಿ ಪದರ 0.3 ಮಿ.ಮೀ.ಗಿಂತ ಚೆನ್ನಾಗಿ ಆಳಕ್ಕೆ ಹೋಗಿರಬೇಕು, ತೆಳುವಾದರೆ ಕೆಳಗಿನ ಮೆತ್ತನೆ ಲೋಹ ಕುಸಿದು ಪದರ ಒಡೆಯುತ್ತದೆ. ರೋಲರನ್ನೂ ಮರೆಯಬೇಡಿ, ಎರಡಕ್ಕೂ ಬೀಳುವ ಒತ್ತಡ ಒಂದೇ, ಮೆತ್ತಗಿರುವುದು ಮೊದಲು ಸೋಲುತ್ತದೆ. ಇನ್ನೊಂದು ವಿಷಯ: ರೋಲರ್ ಸ್ವಲ್ಪ ಓರೆಯಾದರೂ ಲೋಡೆಲ್ಲ ಒಂದು ಅಂಚಿಗೆ ಬಿದ್ದು ಈ 857ಕ್ಕೆ ಅರ್ಥವೇ ಇರುವುದಿಲ್ಲ, ಅದಕ್ಕೆ ರೋಲರಿನ ಮಧ್ಯಭಾಗಕ್ಕೆ ತುಸು ಉಬ್ಬು ಕೊಡಿಸಿ.